ನನ್ನ ಕಂಪ್ಯೂಟರಿಗೆ ಬೇಲಿ ಹಾಕಿದ್ದು, ಕೀಲಿಯನ್ನು ಅತ್ತೆಯ ಸಂದೂಕಿಗೆ ಕೊಟ್ಟಿದ್ದು

ವಿಜಯಪುರದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆ ಹೊರಗೆ ಕಾಲಿಡುವ ಹೊತ್ತಲ್ಲ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ. ಜಲನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಆಗೊಂದು ಈಗೊಂದು ಪುಸ್ತಕ. ಈ ಸಲ ಕೈಯಲ್ಲಿದ್ದದ್ದು ಬೀಸುವ ಪದಗಳ, ಅಂದರೆ ಬೀಸುಕಲ್ಲಿನ ಮುಂದೆ ಕೂತು ಹಾಡುವ ಹಾಡುಗಳ ಸಂಗ್ರಹ. ನಿವೃತ್ತ ಮಾಸ್ತರರೊಬ್ಬರು ವರ್ಷಗಟ್ಟಲೆ ಹಳ್ಳಿ ಹಳ್ಳಿ ತಿರುಗಿ, ಮುದುಕಿಯರ ಎದುರು ಕೂತು ಬರೆದುಕೊಂಡು ಬಂದದ್ದು. 176 ಪುಟ, ಅಂದರೆ 16 ಪುಟದ 11 ಫಾರಂ. ಬಸವ ಜಯಂತಿಗೆ ಬಿಡುಗಡೆ ಅಂತ ಮಾತಾಗಿತ್ತು. ಎರಡು ವಾರ ಕಳೆದರೂ ನಾನು ಮೂರನೇ ಫಾರಂ ದಾಟಿರಲಿಲ್ಲ.

ಒಂದು ಸಂಜೆ ಕ್ರೋಮ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ ಆ ದಿನದ ಹಿಸ್ಟರಿ ತೆಗೆದೆ. ಪೆನ್ಸಿಲ್ ಹಿಡಿದು ಕೂತು ಎಣಿಸಿದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಯೂಟ್ಯೂಬ್ 31 ಸಲ. ಸುದ್ದಿ ಸೈಟುಗಳು 22 ಸಲ. ಫೇಸ್‌ಬುಕ್ 14. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ನಡುವೆ ಸಾಲು ಸಾಲಾಗಿ ಅವೇ.

ಮರುದಿನ ನನ್ನ ಕೈಯನ್ನೇ ಗಮನಿಸುತ್ತಾ ಕೂತೆ. ಒಂದು ಪದದ ಕೊನೆಯ ಸಾಲು ಅಳತೆಗೆ ಬರುತ್ತಿಲ್ಲ, ಒಂದು ಅಕ್ಷರ ಕೆಳಗಿನ ಸಾಲಿಗೆ ಜಾರುತ್ತಿದೆ. ಅಲ್ಲಿ ಒಂದು ಕ್ಷಣ ತಡೆಯಿತು. ಅಷ್ಟರಲ್ಲಿ ಎಡಗೈ ಕಂಟ್ರೋಲ್ ಟಿ ಒತ್ತಿಯಾಗಿತ್ತು, ಬಲಗೈ ವೈ ಒತ್ತಿ ಎಂಟರ್ ಹೊಡೆದಿತ್ತು. ಉಳಿದ ಅಕ್ಷರಗಳನ್ನು ಕ್ರೋಮ್ ತಾನೇ ತುಂಬಿಸಿತು. ಮೂರು ಒತ್ತು, ಒಂದು ಸೆಕೆಂಡೂ ಹಿಡಿಯಲಿಲ್ಲ. ನೋಡಬೇಕು ಅಂತ ನನಗೆ ಅನ್ನಿಸಿರಲೇ ಇಲ್ಲ. ಮನಸ್ಸಿಗಿಂತ ಮೊದಲು ಬೆರಳು ಹೋಗಿತ್ತು. ಹಾಗಾದರೆ ತಡೆಯಬೇಕಾದ್ದು ಬೆರಳನ್ನು. ಆವತ್ತೇ ಕೆಲಸ ಶುರು ಮಾಡಿದೆ.

ನನ್ನ ಯಂತ್ರ ವಿಂಡೋಸ್ 11 ಹೋಮ್, 8 ಜಿಬಿ ರ‍್ಯಾಮ್. ಕೆಲಸ ಕ್ರೋಮ್‌ನಲ್ಲಿ, ಜೊತೆಗೆ ಎಡ್ಜ್ ಇದ್ದೇ ಇದೆ. ಇದೇ ಕಂಪ್ಯೂಟರಿನಲ್ಲಿ ಹತ್ತನೇ ತರಗತಿಗೆ ಹೋಗಲಿರುವ ಮಗಳು ಗಣಿತದ ಪಾಠ ನೋಡುತ್ತಾಳೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಕೆಲಸ: ಅಡ್ರೆಸ್ ಬಾರ್ ಮರೆಯುವಂತೆ ಮಾಡಿದ್ದು

ಇದು ಎರಡು ನಿಮಿಷದ್ದು. ಅಡ್ರೆಸ್ ಬಾರ್‌ನಲ್ಲಿ ವೈ ಒತ್ತಿದಾಗ ಕೆಳಗೆ ಸಲಹೆಗಳ ಪಟ್ಟಿ ಬರುತ್ತದಲ್ವಾ, ಬಾಣದ ಕೀಲಿಯಿಂದ ಅದರ ಮೇಲೆ ಹೋಗಿ, ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಆ ಸಲಹೆ ಹೋಗುತ್ತದೆ. ಎಲ್ಲವನ್ನೂ ಹೀಗೇ ಕಿತ್ತೆ. ಇದರಿಂದ ಸೈಟ್ ಮುಚ್ಚುವುದಿಲ್ಲ. ಆದರೆ ಮೂರು ಒತ್ತಿಗೆ ಬಾಗಿಲು ತೆರೆಯುತ್ತಿದ್ದದ್ದು ನಿಂತಿತು. ಬೇರೇನೂ ಮಾಡಲು ಮನಸ್ಸಿಲ್ಲದವರು ಇದೊಂದನ್ನಾದರೂ ಮಾಡಿ ನೋಡಿ.

ಹೋಸ್ಟ್ಸ್ ಫೈಲು

ಸೈಟಿನ ಹೆಸರು ಹೊಡೆದ ಕೂಡಲೇ ಕಂಪ್ಯೂಟರ್ ಅದರ ಅಂಕಿಯ ವಿಳಾಸ ಹುಡುಕಬೇಕು. ಹೊರಗಿನ ಡಿಎನ್‌ಎಸ್‌ ಅನ್ನು, ಅಂದರೆ ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆಯನ್ನು, ಕೇಳುವ ಮೊದಲು ತನ್ನೊಳಗಿನ ಒಂದು ಸಣ್ಣ ಫೈಲನ್ನು ನೋಡುತ್ತದೆ. ಅದೇ ಹೋಸ್ಟ್ಸ್. ಇದು ಡಿಎನ್‌ಎಸ್‌ಗಿಂತ ಹಳೆಯದು. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಕಾಲದಲ್ಲಿ ಜಾಲದಲ್ಲಿದ್ದ ಎಲ್ಲ ಯಂತ್ರಗಳ ಹೆಸರೂ ವಿಳಾಸವೂ ಒಂದೇ ಪಟ್ಟಿಯಲ್ಲಿ ಇರುತ್ತಿದ್ದವು, ಪ್ರತಿಯೊಬ್ಬರೂ ಅದರ ನಕಲು ಇಟ್ಟುಕೊಳ್ಳುತ್ತಿದ್ದರು. ಪಟ್ಟಿ ಬೆಳೆದು ಕೈಗೆ ಸಿಗದಂತಾದಾಗ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಪಟ್ಟಿ ಹೋಯಿತು, ಆದರೆ ಮೊದಲು ಮನೆಯೊಳಗೆ ನೋಡುವ ಪದ್ಧತಿ ಇನ್ನೂ ಉಳಿದಿದೆ. ನಮಗೆ ಬೇಕಾದ್ದೂ ಅದೇ. ಅಲ್ಲಿ ಸುಳ್ಳು ವಿಳಾಸ ಬರೆದಿಟ್ಟರೆ ಕಂಪ್ಯೂಟರ್ ಹೊರಗೆ ಕೇಳುವುದೇ ಇಲ್ಲ.

ಫೈಲು ಇರುವುದು ಸಿ ಡ್ರೈವ್‌ನಲ್ಲಿ. ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ. ನೋಟ್‌ಪ್ಯಾಡ್ ಮೇಲೆ ಬಲಗಡೆ ಕ್ಲಿಕ್ ಮಾಡಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು ತೆರೆಯಬೇಕು, ಇಲ್ಲದಿದ್ದರೆ ಸೇವ್ ಆಗುವುದಿಲ್ಲ. ಫೈಲ್ ತೆರೆಯುವಾಗ 'ಆಲ್ ಫೈಲ್ಸ್' ಆರಿಸಿಕೊಳ್ಳಬೇಕು. ಹೋಸ್ಟ್ಸ್‌ಗೆ ಡಾಟ್ ಟಿಎಕ್ಸ್‌ಟಿ ಬಾಲ ಇರುವುದಿಲ್ಲ. ಮುಟ್ಟುವ ಮೊದಲು ಒಂದು ನಕಲು ತೆಗೆದಿಡಿ.

ಒಂದು ಸಾಲು ಹೀಗೆ: ಮೊದಲು 0.0.0.0, ಒಂದು ಸ್ಪೇಸ್, ಆಮೇಲೆ ಸೈಟಿನ ಹೆಸರು. ಬಹಳ ಕಡೆ 127.0.0.1 ಬರೆಯಲು ಹೇಳುತ್ತಾರೆ. ಅದೂ ನಡೆಯುತ್ತದೆ. ಆದರೆ ಅದು ನಮ್ಮದೇ ಯಂತ್ರದ ವಿಳಾಸ, ಅಲ್ಲಿ ಯಾವುದಾದರೂ ಸರ್ವರ್ ಓಡುತ್ತಿದ್ದರೆ ಅದು ಉತ್ತರ ಕೊಡುತ್ತದೆ. 0.0.0.0 ಎಲ್ಲಿಗೂ ಹೋಗದ ವಿಳಾಸ, ಹಾಗಾಗಿ ನಾನು ಅದನ್ನೇ ಹಾಕಿದೆ. ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇರುವುದು ಒಂದು ಸಾಲು, ಇಲ್ಲದ್ದು ಇನ್ನೊಂದು, ಮೊಬೈಲ್ ಪುಟದ ಎಂ ಡಾಟ್ ಇರುವುದು ಮತ್ತೊಂದು. ಈ ಫೈಲಿಗೆ 'ಇದರ ಕೆಳಗಿರುವುದೆಲ್ಲ' ಅನ್ನುವ ಭಾಷೆ ಗೊತ್ತಿಲ್ಲ. ಒಂದೊಂದು ಹೆಸರನ್ನೂ ಬಿಡಿಸಿ ಹೇಳಬೇಕು. ಪುಟದ ವಿಳಾಸವನ್ನೂ ಕೊಡಲಾಗದು, ಸೈಟಿನ ಹೆಸರಷ್ಟೇ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ನಾಲ್ಕು ಸುದ್ದಿ ಸೈಟು, ಎರಡು ಖರೀದಿ ಸೈಟು ಬರೆದೆ. ವಾಟ್ಸ್‌ಆ್ಯಪ್ ವೆಬ್ ಬಿಟ್ಟೆ. ಗಿರಾಕಿಗಳು ಮ್ಯಾಟರ್ ಕಳಿಸುವುದು, ಪ್ರೂಫ್ ನೋಡಿ 'ಓಕೆ' ಅನ್ನುವುದು ಎಲ್ಲ ಅಲ್ಲೇ. ಅದರ ಹೆಸರು ಬೇರೆ, ಫೇಸ್‌ಬುಕ್ ಮುಚ್ಚಿದ್ದರಿಂದ ಅದಕ್ಕೇನೂ ಆಗುವುದಿಲ್ಲ.

ಸೇವ್ ಮಾಡಿ ನೋಡಿದರೆ ಫೇಸ್‌ಬುಕ್ ಎಂದಿನಂತೆ ತೆರೆಯಿತು.

ಮೊದಲು ನೆನಪಾದದ್ದು ಕ್ಯಾಶ್. ವಿಂಡೋಸ್ ಒಮ್ಮೆ ಕೇಳಿದ ವಿಳಾಸವನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್, ಸ್ಪೇಸ್, ಸ್ಲ್ಯಾಶ್, ಫ್ಲಶ್‌ಡಿಎನ್‌ಎಸ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಅದನ್ನು ತೊಳೆದೆ. ಕ್ರೋಮ್ ಮುಚ್ಚಿ ಮತ್ತೆ ತೆರೆದೆ, ಯಾಕೆಂದರೆ ಆಗಲೇ ತೆರೆದಿರುವ ಟ್ಯಾಬ್ ಹಳೆಯ ಸಂಪರ್ಕದ ಮೇಲೆಯೇ ಓಡುತ್ತಿರಬಹುದು. ಆದರೂ ಫೇಸ್‌ಬುಕ್ ಬಂತು.

ಒಂದು ಗಂಟೆ ಹುಡುಕಿದ ಮೇಲೆ ತಪ್ಪು ಸಿಕ್ಕಿತು, ಅದು ನನ್ನ ಕಸುಬಿನಿಂದಲೇ ಬಂದದ್ದು. ಫೈಲಿನ ಮೇಲ್ಗಡೆ ಹ್ಯಾಶ್ ಗುರುತು ಹಾಕಿ 'ಕೆಲಸದ ಹೊತ್ತಿನಲ್ಲಿ ಮುಚ್ಚಿದ್ದು' ಅಂತ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆದಿದ್ದೆ. ಕನ್ನಡ ಇದೆ ಅಂತ ಸೇವ್ ಮಾಡುವಾಗ, ಎನ್ಕೋಡಿಂಗ್ (ಅಕ್ಷರಗಳನ್ನು ಬೈಟ್ ಆಗಿ ಉಳಿಸುವ ಬಗೆ) ಜಾಗದಲ್ಲಿ ಅಭ್ಯಾಸಬಲದಿಂದ ಯುಟಿಎಫ್-16 ಆರಿಸಿದ್ದೆ. ಹಾಗೆ ಉಳಿಸಿದರೆ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಎರಡು ಬೈಟ್. ವಿಂಡೋಸ್‌ಗೆ ಆ ಫೈಲು ಓದಲೇ ಬರಲಿಲ್ಲ. ಓದಲಿಲ್ಲ ಅಂತ ಎಲ್ಲೂ ಹೇಳಲೂ ಇಲ್ಲ, ಸುಮ್ನೆ ದಾಟಿಕೊಂಡು ಹೋಯಿತು. ಯುಟಿಎಫ್-8 ಆರಿಸಿ ಉಳಿಸಿದೆ. ಅಲ್ಲಿ 'ಬಾಮ್ ಸಹಿತ' ಅನ್ನುವ ಇನ್ನೊಂದು ಆಯ್ಕೆ ಇದೆ, ಅದನ್ನು ಮುಟ್ಟಬಾರದು. ಈ ಸಲ ಫೇಸ್‌ಬುಕ್ ಹೊಡೆದರೆ 'ಈ ಸೈಟ್ ತಲುಪಲಾಗುತ್ತಿಲ್ಲ' ಎಂಬ ಬೂದು ಪುಟ. ಕನ್ನಡದ ಟಿಪ್ಪಣಿಯೂ ಹಾಗೇ ಇದೆ. ಅದನ್ನು ಅಳಿಸಲು ನನಗೆ ಮನಸ್ಸಿರಲಿಲ್ಲ.

ಕೆಲವು ಆಂಟಿವೈರಸ್‌ಗಳು ಈ ಫೈಲು ಮುಟ್ಟಲು ಬಿಡುವುದಿಲ್ಲ. ಕೆಟ್ಟ ತಂತ್ರಾಂಶಗಳೂ ಇದನ್ನೇ ತಿದ್ದಿ ಬ್ಯಾಂಕಿನ ಹೆಸರಿಗೆ ಕಳ್ಳ ವಿಳಾಸ ಬರೆಯುವುದುಂಟು, ಅದಕ್ಕೆ. ಎಚ್ಚರಿಕೆ ಬಂದರೆ ಗಾಬರಿಯಾಗಬೇಡಿ, ನೀವೇ ತಿದ್ದಿದ್ದು ಅಂತ ಗೊತ್ತಿದ್ದರೆ ಸಾಕು.

ಮೂರನೇ ದಿನ ಬೇಲಿ ಮುರಿದದ್ದು

ಎರಡು ದಿನ ಚೆನ್ನಾಗಿ ನಡೆಯಿತು. ನಾಲ್ಕನೇ ಫಾರಂ ಮುಗಿಯಿತು. ಮೂರನೇ ದಿನ ಮಧ್ಯಾಹ್ನ, ಅದೇ ಮೂರು ಗಂಟೆಯ ಹೊತ್ತು, ಹೋಸ್ಟ್ಸ್ ತೆರೆದು ಒಂದು ಸುದ್ದಿ ಸೈಟಿನ ಸಾಲಿನ ಮುಂದೆ ಹ್ಯಾಶ್ ಹಾಕಿದೆ. ಹ್ಯಾಶ್ ಹಾಕಿದರೆ ಆ ಸಾಲು ಇದ್ದೂ ಇಲ್ಲದಂತೆ. ಐದನೇ ದಿನಕ್ಕೆ ಎಂಟು ಸಾಲಿನ ಮುಂದೆ ಹ್ಯಾಶ್ ಇತ್ತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಬೇಲಿ ಹಾಕಿದವಳೂ ನಾನೇ, ಕೀಲಿ ಇರುವುದೂ ನನ್ನ ಕೈಯಲ್ಲೇ. ಬ್ರೌಸರ್ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಸಣ್ಣ ತಂತ್ರಾಂಶ) ಹಾಕಿದರೂ ಇದೇ ಕಥೆ. ಲೀಚ್‌ಬ್ಲಾಕ್ ಅನ್ನುವ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ಇದೆ, ಪುಕ್ಕಟೆ. ಯಾವ ಹೊತ್ತಿಗೆ ಯಾವ ಸೈಟು, ಗಂಟೆಗೆ ಎಷ್ಟು ನಿಮಿಷ ಅಂತೆಲ್ಲ ಹೇಳಬಹುದು. ಸೈಟ್ ತೆರೆಯುವ ಮೊದಲು ಎಣಿಸುತ್ತಾ ಕಾಯಿಸುವ ಪುಟವೂ ಇದೆ, ಆ ಕಾಯಿಸುವಿಕೆ ನಿಜವಾಗಿಯೂ ಕೆಲಸ ಮಾಡುತ್ತದೆ. ಒಬ್ಬರೇ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಎಕ್ಸ್‌ಟೆನ್ಶನ್ ತೆಗೆದು ಹಾಕಲು ಎರಡು ಕ್ಲಿಕ್ ಸಾಕು, ಹಿಸ್ಟರಿ ಉಳಿಸದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನಾವು ಅನುಮತಿ ಕೊಡದಿದ್ದರೆ ಅದು ಇರುವುದೇ ಇಲ್ಲ. ನನ್ನ ಬೆರಳು ಆ ಎರಡು ಕ್ಲಿಕ್ಕನ್ನು ವಾರದೊಳಗೆ ಕಲಿಯುತ್ತಿತ್ತು.

ನನ್ನ ಮನೆಯಲ್ಲಿ ಜನ ಇದ್ದಾರೆ. ಅದನ್ನು ಬಳಸಿಕೊಳ್ಳಬೇಕು ಅನ್ನಿಸಿತು.

ಅಕೌಂಟ್ ಬೇರೆ ಮಾಡಿದ್ದು, ಕವರ್ ಕೊಟ್ಟದ್ದು

ಇಲ್ಲಿವರೆಗೆ ನಾನು ಅಡ್ಮಿನಿಸ್ಟ್ರೇಟರ್ ಆಗಿಯೇ ಕೆಲಸ ಮಾಡುತ್ತಿದ್ದೆ, ಹೆಚ್ಚಿನವರ ಮನೆಯ ಕಂಪ್ಯೂಟರ್ ಹಾಗೇ ಇರುತ್ತದೆ. ಈಗ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್‌ಗೆ ಹೋಗಿ 'ಕೀಲಿ' ಅಂತ ಹೊಸ ಲೋಕಲ್ ಅಕೌಂಟ್ ಮಾಡಿ, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿದೆ. ಆಮೇಲೆ ಅದರೊಳಗಿಂದ ನನ್ನ ಅಕೌಂಟನ್ನು, ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಯಂತ್ರದ ಮುಖ್ಯ ವ್ಯವಸ್ಥೆ ಬದಲಿಸಲಾಗದ ಸ್ಟ್ಯಾಂಡರ್ಡ್‌ಗೆ ಇಳಿಸಿದೆ. ಕ್ರಮ ಇದೇ ಇರಬೇಕು. ಕೆಲಸದ ಫೈಲುಗಳನ್ನೆಲ್ಲ ಮೊದಲೇ ಹೊರಗಿನ ಡಿಸ್ಕಿಗೆ ತೆಗೆದಿಟ್ಟಿದ್ದೆ.

ಪಾಸ್‌ವರ್ಡನ್ನು ನಾನು ನೋಡಬಾರದು. ಎಲ್ಲ ಕೆಲಸ ಮುಗಿದ ಮೇಲೆ ಮಗಳನ್ನು ಕೂರಿಸಿ ನಾನು ಅಡುಗೆಮನೆಗೆ ಹೋದೆ. ಅವಳು 16 ಅಕ್ಷರ ಹೊಡೆದು, ಎರಡು ಚೀಟಿಯಲ್ಲಿ ಬರೆದು, ಎರಡು ಕವರಿನಲ್ಲಿ ಹಾಕಿ ಅಂಟಿಸಿದಳು. ಲೋಕಲ್ ಅಕೌಂಟ್ ಮಾಡುವಾಗ ಮೂರು ಭದ್ರತಾ ಪ್ರಶ್ನೆ ಕೇಳುತ್ತದೆ. ಅದಕ್ಕೆ ನಿಜವಾದ ಉತ್ತರ ಕೊಟ್ಟರೆ ಲಾಗಿನ್ ಪರದೆಯಿಂದಲೇ ಪಾಸ್‌ವರ್ಡ್ ಬದಲಿಸಬಹುದು. ಅಲ್ಲಿಯೂ ಅವಳೇ ಕೈಗೆ ಬಂದದ್ದು ಹೊಡೆದಳು. ಒಂದು ಕವರ್ ಇಂಡಿ ಊರಲ್ಲಿರುವ ನನ್ನ ತಮ್ಮನಿಗೆ ಹೋಯಿತು. ಇನ್ನೊಂದು ಅತ್ತೆಯ ಸಂದೂಕಿಗೆ. ಹಳೆಯ ಇಳಕಲ್ ಸೀರೆಗಳ ಕೆಳಗೆ.

ಅತ್ತೆಗೆ ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲ. "ಇದನ್ನ ನಾ ಕೇಳಿದ್ರ ಏನ್ ಕೆಲಸಕ್ಕ ಅಂತ ಕೇಳ್ರಿ ಅತ್ತಿ, ಹೇಳಲಿಲ್ಲಂದ್ರ ಕೊಡಬ್ಯಾಡ್ರಿ" ಅಂದೆ. ಕವರನ್ನು ಎರಡೂ ಬದಿ ತಿರುಗಿಸಿ ನೋಡಿದರು. "ರೊಕ್ಕ ಐತೇನವಾ ಇದರಾಗ?" ಅಂದರು. "ರೊಕ್ಕಕ್ಕಿಂತ ಹೆಚ್ಚಿಂದೈತ್ರಿ" ಅಂದೆ. ಮತ್ತೇನೂ ಕೇಳದೆ ಸಂದೂಕಿನ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡರು.

ಯೂಟ್ಯೂಬಿನ ತೊಡಕು

ಹೋಸ್ಟ್ಸ್ ಇಡೀ ಯಂತ್ರಕ್ಕೆ ಲಾಗು. ಅಲ್ಲಿ ಯೂಟ್ಯೂಬ್ ಮುಚ್ಚಿದರೆ ಮಗಳ ಪಾಠವೂ ಹೋಗುತ್ತದೆ. ನನಗೆ ಮಾತ್ರ ಮುಚ್ಚಬೇಕು, ಅವಳ ಅಕೌಂಟಿಗೆ ತೆರೆದಿರಬೇಕು. ಇದಕ್ಕೆ ಕ್ರೋಮ್‌ನಲ್ಲೇ ದಾರಿ ಇದೆ. ಕಚೇರಿಗಳು ತಮ್ಮ ನೌಕರರಿಗೆ ಸೈಟ್ ಮುಚ್ಚಲು ಬಳಸುವ 'ಯುಆರ್‌ಎಲ್ ಬ್ಲಾಕ್‌ಲಿಸ್ಟ್' ಪಾಲಿಸಿ. ವಿಂಡೋಸ್ ಹೋಮ್‌ನಲ್ಲಿ ಇಂಥ ಪಾಲಿಸಿ ಬರೆಯುವ ಗ್ರೂಪ್ ಪಾಲಿಸಿ ಎಡಿಟರ್ ಇಲ್ಲ, ಹಾಗಾಗಿ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲೇ ಬರೆಯಬೇಕು. ಇದನ್ನೆಲ್ಲ ಮಾಡುವಾಗ ಕವರ್ ಇನ್ನೂ ಅಂಟಿಸಿರಲಿಲ್ಲ, ಪಾಸ್‌ವರ್ಡ್ ತಾತ್ಕಾಲಿಕದ್ದಿತ್ತು.

ದಾರಿ ಹೀಗಿದೆ: ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್. ಅದರೊಳಗೆ ಯುಆರ್‌ಎಲ್‌ಬ್ಲಾಕ್‌ಲಿಸ್ಟ್ ಎಂಬ ಹೊಸ ಕೀ, ಎಲ್ಲ ಅಕ್ಷರ ಅಂಟಿಸಿ ಬರೆಯಬೇಕು. ಅದರೊಳಗೆ 1 ಅಂತ ಹೆಸರಿಟ್ಟ ಸ್ಟ್ರಿಂಗ್, ಬೆಲೆ ಯೂಟ್ಯೂಬ್ ಡಾಟ್ ಕಾಮ್. 2 ಅಂತ ಇನ್ನೊಂದು, ಅದಕ್ಕೆ ಯೂಟ್ಯೂಬಿನ ಗಿಡ್ಡ ವಿಳಾಸ. ಇಲ್ಲಿ ಹೋಸ್ಟ್ಸ್‌ನಂತಲ್ಲ, ಒಂದು ಹೆಸರು ಬರೆದರೆ ಅದರ ಕೆಳಗಿನ ಎಲ್ಲ ಉಪ-ಹೆಸರುಗಳೂ ಸೇರಿ ಮುಚ್ಚುತ್ತವೆ. ಇನ್‌ಕಾಗ್ನಿಟೋದಲ್ಲೂ ಮುಚ್ಚಿರುತ್ತದೆ. ಎಡ್ಜ್‌ಗೂ ಇದೇ, ಗೂಗಲ್ ಕ್ರೋಮ್ ಬದಲು ಮೈಕ್ರೋಸಾಫ್ಟ್ ಎಡ್ಜ್.

ಈ ದಾರಿಯ ಬುಡ ಎರಡು ಕಡೆ ಇರಬಹುದು. ಲೋಕಲ್ ಮಷೀನ್ ಅಡಿಯಲ್ಲಿ ಬರೆದರೆ ಎಲ್ಲರಿಗೂ. ಕರೆಂಟ್ ಯೂಸರ್ ಅಡಿಯಲ್ಲಿ ಬರೆದರೆ ಆ ಒಬ್ಬರಿಗೆ. ನನಗೆ ಬೇಕಾದ್ದು ಎರಡನೆಯದು. ನನ್ನ ಅಕೌಂಟಿನಲ್ಲಿ ಕೂತು, ರಿಜಿಸ್ಟ್ರಿ ಎಡಿಟರ್ ತೆರೆದು, ಪಾಸ್‌ವರ್ಡ್ ಕೊಟ್ಟು, ಕರೆಂಟ್ ಯೂಸರ್ ಕೆಳಗೆ ಎಲ್ಲ ಬರೆದೆ. ಕ್ರೋಮ್‌ನ ಪಾಲಿಸಿ ಪುಟ ತೆರೆದು ನೋಡಿದರೆ ಖಾಲಿ. ಅಕ್ಷರ ತಪ್ಪಿದೆಯೇನೋ ಅಂತ ಎರಡು ಸಲ ಅಳಿಸಿ ಬರೆದೆ. ಮತ್ತೂ ಖಾಲಿ.

ರಾತ್ರಿ ರೊಟ್ಟಿ ಬಡಿಯುವಾಗ ಹೊಳೆಯಿತು. ಪಾಸ್‌ವರ್ಡ್ ಕೊಟ್ಟದ್ದು 'ಕೀಲಿ' ಅಕೌಂಟಿನದು. ಹಾಗೆ ತೆರೆದ ಎಡಿಟರಿಗೆ ಕರೆಂಟ್ ಯೂಸರ್ ಅಂದರೆ 'ಕೀಲಿ'ಯೇ, ನಾನಲ್ಲ. ಯಾರ ಪಾಸ್‌ವರ್ಡೋ ಅವರೇ ಆ ಹೊತ್ತಿಗೆ ಬಳಕೆದಾರರು. ನಾನು ಇಷ್ಟು ಹೊತ್ತು ಯಾರೂ ಬಳಸದ ಅಕೌಂಟಿನಲ್ಲಿ ಯೂಟ್ಯೂಬ್ ಮುಚ್ಚುತ್ತಾ ಕೂತಿದ್ದೆ. ಒಲೆ ಆರಿಸಿ ಎದ್ದು ಬಂದೆ. ನನ್ನ ಅಕೌಂಟಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೂಆ್ಯಮ್‌ಐ, ಸ್ಪೇಸ್, ಸ್ಲ್ಯಾಶ್, ಯೂಸರ್ ಹೊಡೆದರೆ ಒಂದು ಉದ್ದನೆಯ ಗುರುತು ಬರುತ್ತದೆ. ಎಸ್-1-5-21 ಅಂತ ಶುರು, ನನ್ನದರ ಕೊನೆ 1001. ರಿಜಿಸ್ಟ್ರಿಯ 'ಎಚ್‌ಕೀ ಯೂಸರ್ಸ್' ಕೆಳಗೆ ಅದೇ ಗುರುತಿನ ಕೀ ಇರುತ್ತದೆ, ಅದೇ ನಿಜವಾದ ನಾನು. ಅದರೊಳಗೆ ಸಾಫ್ಟ್‌ವೇರ್, ಪಾಲಿಸೀಸ್ ದಾರಿ ಹಿಡಿದು ಬರೆದೆ. ಪಾಲಿಸಿ ಪುಟದಲ್ಲಿ 'ರೀಲೋಡ್' ಒತ್ತಿದೆ. ಎರಡು ಸಾಲು ಬಂದವು. ಸ್ಟ್ಯಾಂಡರ್ಡ್ ಅಕೌಂಟಿನಿಂದ ಆ ಪಾಲಿಸೀಸ್ ಕೀ ತಿದ್ದಲು ಬರುವುದಿಲ್ಲ, ಅದನ್ನೂ ಪರೀಕ್ಷಿಸಿದೆ.

ಮಗಳ ಅಕೌಂಟಿನಲ್ಲಿ ಯೂಟ್ಯೂಬ್ ತೆರೆಯಿತು. ನನ್ನದರಲ್ಲಿ 'ನಿಮ್ಮ ಅಡ್ಮಿನಿಸ್ಟ್ರೇಟರ್ ಇದನ್ನು ತಡೆದಿದ್ದಾರೆ' ಅಂತ ಬಂತು. ನಮ್ಮ ಮನೆಯ ಅಡ್ಮಿನಿಸ್ಟ್ರೇಟರ್ ಆಗ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು.

ಇನ್ನೊಂದು ಸೋರಿಕೆಯನ್ನೂ ಹೇಳಬೇಕು. ಪುಟ ವಿನ್ಯಾಸದ ಒಂದು ಪಾಠದ ವಿಡಿಯೊ ನನಗೆ ಆಗಾಗ ಬೇಕು. 'ಯುಆರ್‌ಎಲ್ ಅಲೌಲಿಸ್ಟ್' ಎಂಬ ಇನ್ನೊಂದು ಕೀಯಲ್ಲಿ ಆ ಒಂದು ವಿಡಿಯೊದ ಪೂರ್ತಿ ವಿಳಾಸ ಬರೆದೆ, ಅದು ತೆರೆಯಿತು. ಆದರೆ ಪಕ್ಕದ ಪಟ್ಟಿಯಲ್ಲಿದ್ದ ಬೇರೆ ವಿಡಿಯೊ ಒತ್ತಿದರೆ ಅದೂ ಓಡಿತು! ಕಾರಣ ಇಷ್ಟೇ: ಯೂಟ್ಯೂಬ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಪುಟ ಹೊಸದಾಗಿ ತೆರೆಯುವುದಿಲ್ಲ, ಒಳಗೊಳಗೇ ಬದಲಾಗುತ್ತದೆ. ಕ್ರೋಮ್ ಪಾಲಿಸಿ ನೋಡುವುದು ಹೊಸದಾಗಿ ತೆರೆಯುವ ಪುಟವನ್ನು ಮಾತ್ರ. ಆ ಸಣ್ಣ ಸಂದಿಯಿಂದ 40 ನಿಮಿಷ ಹೋಯಿತು. ಆ ಸಾಲು ಕಿತ್ತೆ. ಈಗ ಪಾಠ ಬೇಕಾದಾಗ ಮಗಳ ಪಕ್ಕ ಕೂತು ಅವಳ ಅಕೌಂಟಿನಲ್ಲಿ ನೋಡುತ್ತೇನೆ.

ಊಟದ ಹೊತ್ತಿಗೆ ಕಿಟಕಿ

ಇಡೀ ದಿನ ಮುಚ್ಚಿಟ್ಟರೆ ನನಗೇ ಹಿಂಸೆ. ಮಧ್ಯಾಹ್ನ ಉಣ್ಣುವಾಗ ಸುದ್ದಿ ಓದುವುದು ನನಗೆ ಇಷ್ಟ, ಅದು ತಪ್ಪೂ ಅಲ್ಲ. 1:15ರಿಂದ 2 ಗಂಟೆವರೆಗೆ ಹೋಸ್ಟ್ಸ್ ಸಡಿಲ ಆಗಬೇಕು ಅಂದುಕೊಂಡೆ. ಎರಡು ನಕಲು ಮಾಡಿದೆ, ಒಂದು 'ಬಿಗಿ', ಒಂದು 'ಸಡಿಲ'. ಆದೇಶಗಳನ್ನು ಸಾಲಾಗಿ ಓಡಿಸುವ ಎರಡು ಬ್ಯಾಚ್ ಫೈಲು. ಒಂದೊಂದರಲ್ಲೂ ಎರಡೇ ಸಾಲು: ನಕಲನ್ನು ಹೋಸ್ಟ್ಸ್ ಮೇಲೆ ಹಾಕು, ಡಿಎನ್‌ಎಸ್ ಕ್ಯಾಶ್ ತೊಳೆ. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ವಿಂಡೋಸ್‌ನದೇ ಆದ ಸಿಸ್ಟಮ್ ಅಕೌಂಟಿನ ಹೆಸರಲ್ಲಿ ಸಮಯ ಕೊಟ್ಟೆ.

ಇವುಗಳನ್ನು ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ಡೆಸ್ಕ್‌ಟಾಪ್ ಮೇಲೋ, ಸಿ ಡ್ರೈವ್‌ನಲ್ಲಿ ಹೊಸ ಫೋಲ್ಡರ್ ಮಾಡಿಯೋ ಇಟ್ಟರೆ ಸ್ಟ್ಯಾಂಡರ್ಡ್ ಅಕೌಂಟಿನಿಂದಲೂ ತಿದ್ದಲು ಬರುತ್ತದೆ. ನಾನು ತಿದ್ದಿದ್ದನ್ನು ಸಿಸ್ಟಮ್ ಪೂರ್ಣ ಅಧಿಕಾರದಿಂದ ಓಡಿಸುತ್ತದೆ, ಇದು ಬೇಲಿಗಷ್ಟೇ ಅಲ್ಲ, ಇಡೀ ಯಂತ್ರಕ್ಕೇ ಅಪಾಯ. ಪ್ರೋಗ್ರಾಮ್ ಫೈಲ್ಸ್ ಒಳಗೆ ಫೋಲ್ಡರ್ ಮಾಡಿ ಇಟ್ಟೆ. ಅಲ್ಲಿ ಅಡ್ಮಿನ್ ಬಿಟ್ಟು ಬೇರೆಯವರು ಬರೆಯುವಂತಿಲ್ಲ.

ಎರಡನೇ ದಿನವೇ 1:50ಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತು. ಬಂದದ್ದು 2:25ಕ್ಕೆ. ಎರಡು ಗಂಟೆಯ 'ಬಿಗಿ' ಕೆಲಸ ಓಡಲೇ ಇಲ್ಲ, ಆ ಮಧ್ಯಾಹ್ನವೆಲ್ಲ ಬಾಗಿಲು ತೆರೆದೇ ಇತ್ತು. ಟಾಸ್ಕಿನ ಸೆಟ್ಟಿಂಗ್ಸ್‌ನಲ್ಲಿ 'ಸಮಯ ತಪ್ಪಿದ್ದರೆ ಆದಷ್ಟು ಬೇಗ ಓಡಿಸು' ಎಂಬ ಟಿಕ್ ಇದೆ. 'ಬಿಗಿ'ಗೆ ಅದನ್ನು ಹಾಕಿದೆ, ಜೊತೆಗೆ ಕಂಪ್ಯೂಟರ್ ಶುರುವಾದಾಗಲೆಲ್ಲ ಓಡುವಂತೆಯೂ ಮಾಡಿದೆ. 'ಸಡಿಲ'ಕ್ಕೆ ಆ ಟಿಕ್ ಬೇಡವೇ ಬೇಡ. ಹಾಕಿದರೆ ಮೂರು ಗಂಟೆಗೆ ಕಂಪ್ಯೂಟರ್ ಶುರು ಮಾಡಿದರೂ ತಪ್ಪಿದ 1:15ನ್ನು ನೆನಪಿಸಿಕೊಂಡು ಬಾಗಿಲು ತೆಗೆದುಬಿಡುತ್ತದೆ. ಊಟ ಮುಗಿಸಿ ಎದ್ದ ಮೇಲೆ ಕ್ರೋಮನ್ನು ಒಮ್ಮೆ ಮುಚ್ಚಿ ತೆರೆಯುತ್ತೇನೆ, ಹಳೆಯ ಟ್ಯಾಬು ಉಳಿಯದಿರಲಿ ಅಂತ.

ಇನ್ನೂ ಉಳಿದ ಸಂದಿಗಳು

ಅಡ್ಮಿನ್ ಇಲ್ಲದೆಯೂ ಕೆಲವು ಬ್ರೌಸರುಗಳನ್ನು ನಮ್ಮ ಫೋಲ್ಡರಿಗಷ್ಟೇ ಹಾಕಿಕೊಳ್ಳಬಹುದು. ಅದಕ್ಕೆ ಯೂಟ್ಯೂಬಿನ ಪಾಲಿಸಿ ತಟ್ಟುವುದಿಲ್ಲ. ಅದು ನನಗೆ ಗೊತ್ತಿದೆ. ಆದರೆ ಅದಕ್ಕೆ ಡೌನ್‌ಲೋಡ್ ಆಗಬೇಕು, ಇನ್‌ಸ್ಟಾಲ್ ಆಗಬೇಕು, ಹತ್ತು ನಿಮಿಷ ಹಿಡಿಯುತ್ತದೆ. ಬೆರಳಿಗೆ ಅಷ್ಟು ತಾಳ್ಮೆ ಇಲ್ಲ, ಅಷ್ಟರಲ್ಲಿ ನನಗೇ ಎಚ್ಚರವಾಗುತ್ತದೆ. ಫೋನನ್ನು ಅಡುಗೆಮನೆಯ ಮಾಡದಲ್ಲಿ ಇಡುತ್ತೇನೆ. ಕರೆ ಬಂದರೆ ಕೇಳಿಸುತ್ತದೆ.

ತೊಂದರೆ ಕೊಟ್ಟದ್ದು ಫಾಂಟು. ಲಗ್ನದ ಸೀಸನ್, ರಾತ್ರಿ ಒಂಬತ್ತೂವರೆಗೆ ಗಿರಾಕಿಯೊಬ್ಬರು ತಮ್ಮದೇ ಫಾಂಟ್ ಕಳಿಸಿ 'ಇದರಾಗ ಮಾಡ್ರಿ, ಮುಂಜಾನೆ ಬೇಕು' ಅಂದರು. ಸ್ಟ್ಯಾಂಡರ್ಡ್ ಅಕೌಂಟಿನಲ್ಲೂ ಫಾಂಟ್ ಹಾಕಬಹುದು, ಆದರೆ ಅದು ನಮ್ಮೊಬ್ಬರ ಅಕೌಂಟಿಗೆ ಸೇರುತ್ತದೆ. ಪತ್ರಿಕೆ ಮಾಡುವ ನನ್ನ ಹಳೆಯ ತಂತ್ರಾಂಶಕ್ಕೆ ಹಾಗೆ ಹಾಕಿದ ಫಾಂಟ್ ಕಾಣಲೇ ಇಲ್ಲ. 'ಎಲ್ಲರಿಗೂ ಹಾಕು' ಅಂದರೆ ಪಾಸ್‌ವರ್ಡ್. ಅತ್ತೆ ಮಲಗಿಯಾಗಿತ್ತು. ಮೆಲ್ಲಗೆ ಎಬ್ಬಿಸಿದೆ.

"ಏನ್ ಕೆಲಸಕ್ಕವಾ?"

"ಲಗ್ನಪತ್ರಿಕೀದ್ರಿ ಅತ್ತಿ. ಒಂದ್ ಅಕ್ಷರದ ನಮೂನಿ ಹಾಕಬೇಕು."

"ಯಾರ ಲಗ್ನ?"

ಯಾರ ಲಗ್ನ, ಯಾವ ಊರು, ಎಂದು ಅಕ್ಕಿಕಾಳು, ಎಲ್ಲ ಹೇಳಿದೆ. ಆಮೇಲೆ ಸೆರಗಿನ ಗಂಟು ಬಿಚ್ಚಿದರು. ಮಗಳು ಪಾಸ್‌ವರ್ಡ್ ಹೊಡೆದಳು, ನಾನು ಗೋಡೆ ಕಡೆ ತಿರುಗಿ ನಿಂತೆ. ಮರುದಿನ ಅವಳು ಬೇರೆ ಪಾಸ್‌ವರ್ಡ್ ಹಾಕಿ ಹೊಸ ಕವರ್ ಮಾಡಿದಳು. ತಮ್ಮನಿಗೂ ಹೊಸ ಕವರ್ ಹೋಯಿತು. ಪ್ರಿಂಟರ್ ಡ್ರೈವರ್, ಅಪ್‌ಡೇಟ್ ಇಂಥವನ್ನೆಲ್ಲ ಈಗ ಭಾನುವಾರ ಮುಂಜಾನೆಗೆ ಕೂಡಿಡುತ್ತೇನೆ.

ಈಗ ಮಧ್ಯಾಹ್ನ ಮೂರಕ್ಕೆ

ಬೂದು ಪುಟ ಬಂದ ಮೊದಲ ವಾರ ದಿನಕ್ಕೆ ಇಪ್ಪತ್ತು ಸಲ ಅದನ್ನು ನೋಡಿದ್ದೇನೆ. ಮೂರನೇ ವಾರಕ್ಕೆ ನಾಲ್ಕೈದು. ಆದರೆ ಮೂರು ಗಂಟೆಯ ಹೊತ್ತು ಹಾಗೇ ಉಳಿಯಿತು. ಕಣ್ಣು ಸೋಲುತ್ತದೆ, ಸಾಲು ಕೂಡುವುದಿಲ್ಲ. ಅದಕ್ಕೆ ಆ ಹೊತ್ತಿಗೆ ಪ್ರೂಫ್ ಹಾಳೆ ಹಿಡಿದು ಅತ್ತೆಯ ಹತ್ತಿರ ಹೋಗಿ ಕೂರತೊಡಗಿದೆ. ನಾನು ಪದ ಓದುತ್ತೇನೆ, ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಎಷ್ಟೋ ಪದಗಳು ಅವರಿಗೇ ಬರುತ್ತವೆ.

ಆರನೇ ಫಾರಂನಲ್ಲಿ ಒಂದು ಕಡೆ ತಡೆದರು. "ಜೋಳ ಅಲ್ಲವಾ, ಜ್ವಾಳ. ಜೋಳ ಅಂದ್ರ ಕಲ್ಲು ತಿರುಗಂಗಿಲ್ಲ." ಬೀಸುವಾಗ ಕೈ ಎಲ್ಲಿ ಒತ್ತಿ ಎಳೆಯುತ್ತದೆ ಅಂತ ಗಾಳಿಯಲ್ಲೇ ಗೂಟ ಹಿಡಿದು ತೋರಿಸಿದರು. ಮಾಸ್ತರರ ಕೈಬರಹ ತೆಗೆದು ನೋಡಿದೆ. ಅವರು ಜ್ವಾಳ ಅಂತಲೇ ಬರೆದಿದ್ದರು. ಟೈಪ್ ಮಾಡುವಾಗ ತಿದ್ದಿದ್ದು ನಾನು. ಮೊದಲಿನ ಐದು ಫಾರಂ ತಿರುಗಿ ನೋಡಿದರೆ ಹೀಗೆ ನಾನು 'ಸರಿ' ಮಾಡಿದ್ದು ಇನ್ನೂ 17 ಕಡೆ ಸಿಕ್ಕಿತು. ಎಲ್ಲವನ್ನೂ ಇದ್ದಂತೆ ಮಾಡಿದೆ.

ಹನ್ನೊಂದನೇ ಫಾರಂ ಗಾಂಧಿ ಚೌಕದ ಹತ್ತಿರದ ಪ್ರೆಸ್ಸಿಗೆ ಹೋದದ್ದು ಬಸವ ಜಯಂತಿಗೆ ಎಂಟು ದಿನ ಇರುವಾಗ.

ಮೊನ್ನೆ ಮಗಳು ಬಂದು, "ಅವ್ವಾ, ನನ್ನ ಅಕೌಂಟಿಗೂ ಹಾಕು. ಪಾಠ ಅಷ್ಟ ಇರ್ಲಿ" ಅಂದಳು. ಅವಳ ಗುರುತಿನ ಕೊನೆ 1003. ಅವಳಿಗೆ ಯೂಟ್ಯೂಬ್ ಮುಚ್ಚಲಾಗದು, ಹಾಗಾಗಿ ಲೀಚ್‌ಬ್ಲಾಕ್‌ನಲ್ಲಿ ದಿನಕ್ಕೆ ಒಂದು ಗಂಟೆ ಅಂತ ಇಟ್ಟು, ಅದರ ಆಯ್ಕೆಗಳ ಪುಟಕ್ಕೆ ಪಾಸ್‌ವರ್ಡ್ ಹಾಕಿದೆ. ಈ ಸಲ ಚೀಟಿ ಬರೆದವಳು ನಾನು, ಗೋಡೆ ಕಡೆ ತಿರುಗಿ ನಿಂತವಳು ಅವಳು. "ಕವರ್ ನಿನ್ನ ಹತ್ರ ಬ್ಯಾಡ, ಆಯಿ ಹತ್ರ ಇರ್ಲಿ" ಅಂದಳು. ಸಂದೂಕಿನಲ್ಲಿ ಈಗ ಎರಡು ಕವರ್ ಇವೆ. ಯಾವುದು ಯಾರದು ಅಂತ ಗೊತ್ತಾಗಲು ಅತ್ತೆ ಒಂದಕ್ಕೆ ಅರಿಷಿಣ, ಒಂದಕ್ಕೆ ಕುಂಕುಮ ಹಚ್ಚಿಟ್ಟಿದ್ದಾರೆ.